ನಮ್ಮ ಸುಬೇದಾರ್ರ ಅನುಮಾನಗಳು

ಅನುಮಾನದ ಮನುಷ್ಯನ ಹತ್ತಿರ ಕೆಲಸಕ್ಕೆ ಸೇರಿಕೊಂಡರೆ ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಗುವಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆದೇ ನಡೆಯುತ್ತವೆ. ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ, ಲೆಕ್ಕ ನೀವೇ ಹಾಕಿಕೊಳ್ಳಿ.

ದೊಡ್ಡಬಳ್ಳಾಪುರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಮ್ಮ ಸುಬೇದಾರ್ರ ಅಂಗಡಿ. ಬೋರ್‌ವೆಲ್ ಮೋಟ್ರು ಮಾರೋದು, ಸುಟ್ಟ ಮೋಟ್ರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡೋದು. ಮಿಲಿಟರಿಯಲ್ಲಿ ಇಪ್ಪತ್ತೆಂಟು ವರ್ಷ ಲಾರಿ, ಜೀಪು ರಿಪೇರಿ ಮಾಡಿ, ಸುಬೇದಾರ್ ಆಗಿ ನಿವೃತ್ತರಾಗಿ ಬಂದು ಹಾಕಿದ ಅಂಗಡಿ. ಹಾಗಾಗಿ ಊರಿಗೆಲ್ಲ ಅವರು ಸುಬೇದಾರ್ರು. ಹೆಸರು ಹಿಡಿದು ಕರೆಯುತ್ತಿದ್ದವರನ್ನು ನಾನಂತೂ ನೋಡಿಲ್ಲ.

ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ, "ಸಾರ್, ನಿಮಗ್ಯಾಕೆ ಎಲ್ಲರ ಮೇಲೂ ಇಷ್ಟು ಅನುಮಾನ?"

"ಗಡೀಲಿ ಇದ್ದಾಗ ವೈರಿ ಎದುರಿಗೇ ಇರ್ತಿದ್ದ ಕಣಯ್ಯಾ, ಗೊತ್ತಾಗ್ತಿತ್ತು. ಇಲ್ಲಿ ಎಲ್ಲರೂ ನಮಸ್ಕಾರ ಹಾಕ್ತಾರೆ. ಹೆಂಗೆ ಗೊತ್ತಾಗ್ಬೇಕು?" ಅಂದರು.

ಹೋದ ವರ್ಷ ಅವರು ತೀರಿಕೊಂಡರು. ಅವರ ವಿಷಯ ಬಂದರೆ ಕಣ್ಣಲ್ಲಿ ನೀರು ಬರಬೇಕು. ಬರುತ್ತದೆ ಕೂಡ. ಆದರೆ ಅದಕ್ಕಿಂತ ಮುಂಚೆ ನಗು ಬಂದುಬಿಡುತ್ತದೆ.

೧. ಸುಟ್ಟ ಮೋಟ್ರು

ಕೆಲಸ ಕೇಳಿಕೊಂಡು ಹೋದಾಗ ನನಗೆ ಇಪ್ಪತ್ತೇಳು. ನೆಲಮಂಗಲದಲ್ಲಿ ನಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿಹೋಗಿತ್ತು. ಮದುವೆಯಾಗಿ ಮೂರು ತಿಂಗಳು. ಈ ಕೆಲಸ ಸಿಗದಿದ್ದರೆ ಮಾವನ ಮನೆ ಮುಂದೆ ಹೋಗಿ ನಿಲ್ಲಬೇಕು. ಅದಕ್ಕೇ ಮದುವೆಗೆ ಹೊಲಿಸಿದ ಹೊಸ ಶರ್ಟು ಹಾಕಿಕೊಂಡು ಹೋದೆ.

ಸುಬೇದಾರ್ರು ಕನ್ನಡಕದ ಮೇಲಿಂದ ನೋಡಿದರು. "ಹೊಸ ಶರ್ಟು ಯಾಕೆ?"

"ಕೆಲಸ ಕೇಳೋಕೆ ಬಂದೆ ಸಾರ್."

"ಇದು ಮೋಟ್ರು ಬಿಚ್ಚೋ ಕೆಲಸ. ಹೊಸ ಶರ್ಟಲ್ಲಿ ಬಂದಿದೀಯ ಅಂದ್ರೆ ಬಿಚ್ಚೋ ಮನಸ್ಸಿಲ್ಲ ಅಂತ."

ನಾನು ಶರ್ಟು ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೂತೆ. ಅವರು ಮಸಿ ಹಿಡಿದ ಒಂದು ಮೋಟ್ರು ತಂದು ಮುಂದಿಟ್ಟರು. "ಇದು ಯಾಕೆ ಸುಟ್ಟಿದೆ, ಹೇಳು."

ಬಿಚ್ಚಿದೆ. ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿದೆ. ತಂತಿ ಮೂಸಿ ನೋಡಿದೆ. ಕರೆಂಟು ಕೊಟ್ಟು ಪರೀಕ್ಷೆ ಮಾಡಿದೆ. ಒಂದು ದೋಷವೂ ಸಿಗಲಿಲ್ಲ. ಸುಟ್ಟೇ ಇಲ್ಲ ಅನ್ನೋಣವೆಂದರೆ ಸುಬೇದಾರ್ರೇ ಸುಟ್ಟಿದೆ ಅಂತಿದ್ದಾರೆ. ಕೆಲಸ ಹೋಯಿತು ಅಂತ ಮನಸ್ಸಲ್ಲೇ ಮಾವನ ಮನೆ ದಾರಿ ನೆನೆಸಿಕೊಂಡು, "ಗೊತ್ತಾಗ್ತಾ ಇಲ್ಲ ಸಾರ್" ಅಂದೆ.

ಸುಬೇದಾರ್ರು ಎದ್ದು ಮೊಳೆಯ ಮೇಲಿದ್ದ ನನ್ನ ಶರ್ಟನ್ನು ತೆಗೆದು ಒಳಗಿನ ಬೀರುವಿನಲ್ಲಿ ಇಟ್ಟರು. ಅದು ಸುಟ್ಟ ಮೋಟ್ರೇ ಅಲ್ಲವಂತೆ. ಅವರೇ ಹಳೇ ಆಯಿಲ್ಲಿಗೆ ಮಸಿ ಕಲಸಿ ಬಳಿದಿದ್ದರಂತೆ. ನನಗಿಂತ ಮುಂಚೆ ಬಂದ ಮೂವರಲ್ಲಿ ಒಬ್ಬ ವೋಲ್ಟೇಜು ಅಂದನಂತೆ, ಇನ್ನೊಬ್ಬ ಬೋರಲ್ಲಿ ನೀರಿಲ್ಲದೆ ಓಡಿಸಿದ್ದಾರೆ ಅಂದನಂತೆ, ಮೂರನೆಯವನು ಹಿಂದೆ ತಂತಿ ಸುತ್ತಿದವನನ್ನು ಬೈದನಂತೆ.

"ಗೊತ್ತಿಲ್ಲ ಅಂದೋನು ನೀನೊಬ್ಬನೇ" ಅಂದರು. "ಒಂದೋ ನೀನು ಪ್ರಾಮಾಣಿಕ. ಇಲ್ಲಾಂದ್ರೆ ನಿಜವಾಗ್ಲೂ ನಿಂಗೇನೂ ಗೊತ್ತಿಲ್ಲ. ಎರಡರಲ್ಲಿ ಯಾವುದು ಅಂತ ಆರು ತಿಂಗಳು ನೋಡ್ತೀನಿ."

ಎಂಟು ವರ್ಷ ಆದ ಮೇಲೆ ಒಂದು ದಿನ ಕೇಳಿದೆ, "ಸಾರ್, ಕೊನೆಗೂ ಯಾವುದು ಅಂತ ತೀರ್ಮಾನ ಆಯ್ತಾ?"

"ಆತುರ ಪಡಬೇಡ" ಅಂದರು. "ಇನ್ನೂ ನೋಡ್ತಾ ಇದೀನಿ."

೨. ಎದ್ದು ನಿಂತ ತೆಂಗಿನಕಾಯಿ

ಸಾಸಲು ಕಡೆಯ ರೈತನೊಬ್ಬ ಬೋರ್ ಕೊರೆಸಬೇಕು ಅಂತ ಸುಬೇದಾರ್ರನ್ನು ಹೊಲಕ್ಕೆ ಕರೆದ. ನೀರು ನೋಡುವವನೂ ಬಂದಿದ್ದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆದರೆ, ನೆಲದಡಿ ನೀರಿರುವ ಕಡೆ ಕಾಯಿ ತಾನೇ ಎದ್ದು ನಿಲ್ಲುತ್ತದೆ ಅನ್ನೋದು ನಂಬಿಕೆ. ಈತನ ಕೈಯಲ್ಲೂ ಬದುವಿನ ಹೊಂಗೆ ಮರದ ಹತ್ತಿರ ಕಾಯಿ ಎದ್ದು ನಿಂತಿತು.

ಸುಬೇದಾರ್ರು ಒಪ್ಪಲಿಲ್ಲ. "ಕಣ್ಣಿಗೆ ಬಟ್ಟೆ ಕಟ್ಕೊಂಡು ತೋರ್ಸು."

ಆತ ಕಟ್ಟಿಸಿಕೊಂಡ. ನಡೆದ. ಕಾಯಿ ಮತ್ತೆ ಅಲ್ಲೇ ನಿಂತಿತು.

"ಹೆಜ್ಜೆ ಎಣಿಸ್ಕೊಂಡಿದಾನೆ" ಅಂದರು ಸುಬೇದಾರ್ರು ನನ್ನ ಕಿವಿಯಲ್ಲಿ. ಆತನನ್ನು ಅಲ್ಲೇ ಮೂರು ಸುತ್ತು ತಿರುಗಿಸಿ ಬಿಟ್ಟರು. ಆತ ತೂರಾಡಿಕೊಂಡು ಬಂದು ಹೊಂಗೆ ಮರಕ್ಕೇ ಹಣೆ ಹೊಡೆದುಕೊಂಡ. ಕಾಯಿ ಮಾತ್ರ ನಿಂತೇ ಇತ್ತು. ಆತನಿಗೆ ರೇಗಿಹೋಯಿತು. "ತಗೊಳ್ಳಿ ಸ್ವಾಮಿ, ನೀವೇ ಹಿಡ್ಕೊಂಡು ನಡೀರಿ" ಅಂತ ಕಾಯಿಯನ್ನು ಇವರ ಕೈಗಿಟ್ಟ.

ಸುಬೇದಾರ್ರು ಪರೇಡಿನ ಹೆಜ್ಜೆ ಹಾಕುತ್ತ ಹೊಲವೆಲ್ಲ ನಡೆದರು. ಕಾಯಿ ಹಾಸಿಗೆ ಹಿಡಿದ ಹಾಗೆ ಮಲಗಿತ್ತು. ಮುಖದಲ್ಲಿ ಗೆದ್ದ ನಗು. ಹೊಂಗೆ ಮರದ ಹತ್ತಿರ ಬಂದರು ನೋಡಿ, ಕಾಯಿ ಮೆಲ್ಲಗೆ ತಲೆಯೆತ್ತಿ ಸೆಟೆದು ನಿಂತಿತು.

"ಲೇ, ಗಾಳಿ ಬೀಸ್ತಾ?"

"ಇಲ್ಲ ಸಾರ್. ಎಲೇನೂ ಅಲ್ಲಾಡ್ತಿಲ್ಲ."

ಹತ್ತು ಹೆಜ್ಜೆ ಹಿಂದೆ ಹೋದರು, ಕಾಯಿ ಮಲಗಿತು. ಮುಂದೆ ಬಂದರು, ಎದ್ದಿತು. ಮೂರು ಸಲ ಹೀಗೇ ಆಯಿತು. ಕಾಯಿಯೊಳಗೇ ಏನೋ ಇಟ್ಟಿದ್ದಾರೆ ಅಂತ ಅದನ್ನು ಬಂಡೆಗೆ ಹೊಡೆದು ನೋಡಿದರು. ಕಾಯಿ ನೀರು, ತಿರುಳು ಬಿಟ್ಟು ಏನೂ ಇರಲಿಲ್ಲ. ಆ ಜಾಗದಲ್ಲಿ ಕೊರೆಸಿದ್ದಕ್ಕೆ ಎರಡೂವರೆ ಇಂಚು ನೀರು ಬಂತು. ರೈತ ಖುಷಿಯಾಗಿ ಸುತ್ತಮುತ್ತಲ ಊರಿಗೆಲ್ಲ ಸುದ್ದಿ ಹಬ್ಬಿಸಿದ.

ಅವತ್ತಿನಿಂದ ಅಂಗಡಿಗೆ ದಿನಕ್ಕೊಬ್ಬರಾದರೂ ತೆಂಗಿನಕಾಯಿ ಹಿಡಿದುಕೊಂಡು ಬರತೊಡಗಿದರು. ಸುಬೇದಾರ್ರು ದೂರದಿಂದ ಕಾಯಿ ಕಂಡರೆ ಸಾಕು, ಗೋಡೌನಿಗೆ ಹೋಗಿ ಅಡಗಿಕೊಳ್ಳುತ್ತಿದ್ದರು.

"ಯಾಕೆ ಸಾರ್? ಪುಣ್ಯದ ಕೈ ನಿಮ್ಮದು" ಅಂದೆ.

ಅವರು ಬಲಗೈಯನ್ನು ಮಗುಚಿ ಮಗುಚಿ ನೋಡಿಕೊಂಡು ಅಂದರು, "ಅರವತ್ತು ವರ್ಷದಿಂದ ಜೊತೇಲಿರೋ ಕೈ ಕಣಯ್ಯಾ. ಇಂಥ ವಿಷಯಾನ ನನಗೊಂದು ಮಾತೂ ಹೇಳದೆ ಮುಚ್ಚಿಟ್ಟಿತ್ತು. ಇದನ್ನ ಹೆಂಗೆ ನಂಬೋದು?"

೩. ಮೂರು ಸರ್ವೀಸ್ ಫ್ರೀ

ಸುಬೇದಾರ್ರಿಗೆ ಒಬ್ಬಳೇ ಮಗಳು. ಜೀವ ಅಂದರೆ ಜೀವ. ದಾಬಸ್‌ಪೇಟೆ ಹತ್ತಿರದ ಹಳ್ಳಿಯಿಂದ ಸಂಬಂಧ ಬಂತು. ಹುಡುಗನಿಗೆ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಮಧ್ಯಸ್ಥರ ಕೈಯಲ್ಲಿ ಹುಡುಗ ಹುಡುಗಿಯ ಫೋಟೋ, ಜಾತಕ ಮಾತ್ರ ಓಡಾಡಿದ್ದವು. ಎರಡು ಮನೆಯವರೂ ಇನ್ನೂ ಮುಖ ನೋಡಿರಲಿಲ್ಲ.

"ಹೇಳಿ ಹೋದ್ರೆ ಎಲ್ಲಾ ಒರೆಸಿ, ಗುಡಿಸಿ, ಹೊಸ ಪರದೆ ಹಾಕಿರ್ತಾರೆ" ಅಂದರು ಸುಬೇದಾರ್ರು. "ಹೇಳ್ದೆ ಹೋಗ್ಬೇಕು." ನನ್ನ ಗ್ರೀಸು ಹಿಡಿದ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದರು.

ಹುಡುಗನ ಮನೆಯಲ್ಲಿ ತಾಯಿ ಒಬ್ಬರೇ ಇದ್ದರಂತೆ. "ಮೋಟ್ರು ಕಂಪನಿಯಿಂದ ಬಂದಿದೀನಿ ಕಣಮ್ಮಾ. ಮೂರು ಸರ್ವೀಸ್ ಫ್ರೀ" ಅಂದರಂತೆ ಇವರು. ಆಯಮ್ಮ ಇವರಿಗಿಂತ ಒಂದು ಕೈ ಮೇಲು. ಗೇಟು ತೆಗೆಯದೆ ಹತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಿ ಯಾವ ಕಂಪನಿ, ಯಾರು ಕಳಿಸಿದ್ದು, ಫ್ರೀ ಯಾಕೆ ಅಂತ ವಿಚಾರಿಸಿದ್ದಾರೆ. ಸುಬೇದಾರ್ರಿಗೆ ಅಲ್ಲೇ ಅರ್ಧ ಮನಸ್ಸು ಒಪ್ಪಿತಂತೆ, ಹುಷಾರಿನ ಮನೆತನ ಅಂತ.

ಒಳಗೆ ಹೋಗಿ ನೋಡಿದರೆ ಸಂಪಿನ ಮೋಟ್ರು ನಿಜವಾಗಿಯೂ ಕೆಟ್ಟಿತ್ತು. ಬಂದ ಮೇಲೆ ಇನ್ನೇನು ಮಾಡುತ್ತಾರೆ? ಕೂತು ರಿಪೇರಿ ಶುರು ಮಾಡಿದರು. ಆಯಮ್ಮ ಪಕ್ಕದಲ್ಲೇ ಕಾವಲು ನಿಂತು ಮಾತಿಗೆ ಮಾತು ಬೆಳೆಸಿದರಂತೆ. "ಮಗನಿಗೆ ದೊಡ್ಡಬಳ್ಳಾಪುರದಲ್ಲಿ ಹೆಣ್ಣು ನೋಡ್ತಾ ಇದೀವಪ್ಪಾ. ಹುಡುಗಿ ಚಿನ್ನ ಅಂತಾರೆ. ಅಪ್ಪ ಮಿಲಿಟರಿಯೋನು, ಅವನಿಗೆ ಮಾತ್ರ ತಲೆ ಸ್ವಲ್ಪ ಸರಿಯಿಲ್ವಂತೆ. ಎಲ್ಲರ ಮೇಲೂ ಅನುಮಾನವಂತೆ. ಪಾಪ, ಆ ಹೆಂಡ್ತಿ ಹೆಂಗೆ ಬಾಳ್ತಾ ಇದಾಳೋ."

"ಹೌದೇನಮ್ಮಾ" ಅಂತ ಸುಬೇದಾರ್ರು ಬೋಲ್ಟು ತಿರುಗಿಸಿದರಂತೆ. ಎಷ್ಟು ಜೋರಾಗಿ ಅಂದರೆ ಬೋಲ್ಟಿನ ತಲೆಯೇ ಮುರಿದು ಕೈಗೆ ಬಂತಂತೆ.

ಅದೇ ದಿನ ಅದೇ ಹೊತ್ತಿಗೆ ನಮ್ಮ ಅಂಗಡಿಗೆ ಒಬ್ಬ ಯಜಮಾನರು ಬಂದರು. ಐದು ಎಚ್‌ಪಿ ಮೋಟ್ರು ಬೇಕು ಅಂದರು. ಎಷ್ಟು ಆಳಕ್ಕೆ ಅಂದೆ. "ಅದಿರ್ಲಿ, ನಿಮ್ ಓನರ್ರು ಹೆಂಗೆ? ಕುಡೀತಾರಾ? ಮನೇಲಿ ಜಗಳ ಆಡ್ತಾರಾ?" ಅಂದರು. ಸುಬೇದಾರ್ರ ಹತ್ತಿರ ತರಬೇತಾದ ನನಗೆ ತಕ್ಷಣ ಅನುಮಾನ ಬಂತು. ಯಾವುದೋ ಇಲಾಖೆಯವರೇ ಇರಬೇಕು! "ನಂಗೇನೂ ಗೊತ್ತಿಲ್ಲ ಸಾರ್, ನಾನು ಇವತ್ತು ಬೆಳಿಗ್ಗೇನೇ ಸೇರ್ಕೊಂಡಿದ್ದು" ಅಂದುಬಿಟ್ಟೆ.

ಸಂಜೆ ಸುಬೇದಾರ್ರು ಬಂದು, "ಒಳ್ಳೇ ಮನೆ. ಮುದ್ದೆ ಉಪ್ಸಾರು ಹಾಕಿದ್ರು. ಹುಡುಗನ ಅಪ್ಪ ಮನೇಲಿರ್ಲಿಲ್ಲ, ಎಲ್ಲಿಗೋ ಹೋಗಿದ್ನಂತೆ, ಆ ಮನುಷ್ಯನ ಮೇಲೆ ಮಾತ್ರ ಸ್ವಲ್ಪ ಅನುಮಾನ" ಅಂದರು.

ಮುಂದಿನ ಭಾನುವಾರ ಹುಡುಗನ ಕಡೆಯವರು ಹೆಣ್ಣು ನೋಡೋಕೆ ಬಂದರು. ಸುಬೇದಾರ್ರು ಜರಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕಾರಿನಿಂದ ಹುಡುಗನ ತಂದೆ ಇಳಿದರು. ಮೊನ್ನೆಯ ಐದು ಎಚ್‌ಪಿ ಯಜಮಾನರೇ! ಕಾಫಿ ತಟ್ಟೆ ಹಿಡಿದಿದ್ದ ನನ್ನನ್ನು ನೋಡಿ, "ಓಹೋ, ವಾರಕ್ಕೇ ಮನೆಯೋನಾಗ್ಬಿಟ್ಯಲ್ಲಪ್ಪಾ!" ಅಂದರು. ಅವರ ಹಿಂದೆ ಇಳಿದ ಹೆಂಡತಿ ಸುಬೇದಾರ್ರ ಮುಖವನ್ನೇ ದಿಟ್ಟಿಸಿದರು. ಸುಬೇದಾರ್ರು ಮೇಲೆ ನೋಡಿದರು, ಕೆಳಗೆ ನೋಡಿದರು, ಟವೆಲಿನಿಂದ ಮುಖ ಒರೆಸಿಕೊಂಡರು. ಏನು ಮಾಡಿದರೂ ಮುಖ ಅದೇ ಆಗಿತ್ತು.

ಆಯಮ್ಮ ಯಾರಿಗೂ ಏನೂ ಹೇಳಲಿಲ್ಲ. ಮದುವೆ ಮಾತುಕತೆ ಮುಗಿಯಿತು, ಎರಡು ಕಡೆಯವರೂ ಒಪ್ಪಿದರು, ಎಲೆ ಅಡಿಕೆ ಬದಲಾಯಿಸಿದರು. ಹೊರಡುವಾಗ ಮಾತ್ರ ಆಯಮ್ಮ ಸುಬೇದಾರ್ರ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಬೀಗ್ರೇ, ಮೂರು ಸರ್ವೀಸ್ ಫ್ರೀ ಅಂದಿದ್ರಿ. ಇನ್ನೆರಡು ಯಾವಾಗ?"

೪. ನಾಲ್ಕು ಕ್ಯಾಮೆರಾ

ತಾಮ್ರದ ತಂತಿ ಕಮ್ಮಿಯಾಗ್ತಿದೆ ಅಂತ ಅನುಮಾನ ಬಂದು ಅಂಗಡಿಗೆ ನಾಲ್ಕು ಕ್ಯಾಮೆರಾ ಹಾಕಿಸಿದರು. ಒಂದು ಬಾಗಿಲಿಗೆ, ಒಂದು ಗೋಡೌನಿಗೆ, ಒಂದು ನನ್ನ ಮೇಜಿಗೆ, ಒಂದು ಉಳಿದ ಮೂರು ಕ್ಯಾಮೆರಾಗಳ ಮೇಲೆ ಕಣ್ಣಿಡೋಕೆ. ಹಾಕಲು ಬಂದ ಹುಡುಗಿ, ಕಾಲೇಜು ಮುಗಿಸಿ ಆ ಕೆಲಸಕ್ಕೆ ಸೇರಿದವಳು, "ಅಂಕಲ್, ಇದನ್ನ ಫೋನಲ್ಲೂ ನೋಡಬಹುದು" ಅಂದಳು. ತಮ್ಮ ಫೋನು ಹಳೇದು ಅಂತ ಸುಬೇದಾರ್ರು ಹೆಂಡತಿಯ ಫೋನಿಗೆ ಹಾಕಿಸಿದರು. ಅಮ್ಮಾವ್ರು ಮನೆಯಲ್ಲೇ ಇರುತ್ತಾರೆ, ಆಗಾಗ ನೋಡಿ ಹೇಳಲಿ ಅಂತ.

ಸುಬೇದಾರ್ರಿಗೆ ಸಕ್ಕರೆ ಕಾಯಿಲೆ. ಕ್ಯಾಮೆರಾ ಹಾಕಿಸಿದ ಎರಡನೇ ದಿನ ಮಧ್ಯಾಹ್ನ ಗೋಡೌನಿನ ಪೈಪುಗಳ ಹಿಂದೆ ನಿಂತು ಡಬ್ಬಿ ಮುಚ್ಚಳ ತೆಗೆದಿದ್ದಾರೆ. ಅಂಗಡಿಯ ಫೋನು ಹೊಡೆದುಕೊಂಡಿತು. ನಾನು ಎತ್ತಿದೆ. ಅಮ್ಮಾವ್ರು.

"ಕಳ್ಳ ಸಿಕ್ಕಿದಾನೆ ಕಣಪ್ಪಾ. ಗೋಡೌನಲ್ಲಿದಾನೆ. ಆ ಎರಡನೇ ಜಾಮೂನು ಡಬ್ಬಿಗೆ ವಾಪಸ್ ಹಾಕೋಕೆ ಹೇಳು."

೫. ಅಮ್ಮಾವ್ರ ವಾಕಿಂಗು

ಮಗಳ ಮದುವೆಯಾಗಿ ಒಂದು ವರ್ಷಕ್ಕೆ ಅಮ್ಮಾವ್ರ ಬೆಳಗಿನ ವಾಕಿಂಗು ಉದ್ದವಾಗತೊಡಗಿತು. ಮೊದಲು ಇಪ್ಪತ್ತು ನಿಮಿಷ ಇದ್ದದ್ದು ಒಂದೂವರೆ ಗಂಟೆ ಆಯಿತು. ಒಂದು ದಿನ ಮೊಣಕೈ ತರಚಿಕೊಂಡು ಬಂದರು.

"ವಾಕಿಂಗ್ ಹೋದೋರಿಗೆ ಮೊಣಕಾಲು ನೋಯ್ಬೇಕು. ಮೊಣಕೈ ಯಾಕೆ ತರಚುತ್ತೆ?" ಅಂತ ಸುಬೇದಾರ್ರು ನನ್ನನ್ನು ಕೇಳಿದರು. "ನಾಳೆ ಹಿಂದೆ ಹೋಗಿ ನೋಡ್ಕೊಂಡು ಬಾ."

"ಅಮ್ಮಾವ್ರ ಹಿಂದೆ ನಾನು ಹೋಗಲ್ಲ ಸಾರ್."

"ಇದು ಆರ್ಡರ್ರು."

ಹೋದೆ. ಅಮ್ಮಾವ್ರು ಸೀದಾ ಕಾಲೇಜು ಮೈದಾನಕ್ಕೆ ಹೋದರು. ನಾನು ಬೇವಿನ ಮರದ ಹಿಂದೆ ನಿಂತು ಇಣುಕಿದೆ. ಪಕ್ಕದ ಮನೆಯ ಸೊಸೆ ಸ್ಕೂಟರು ತಂದು ನಿಲ್ಲಿಸಿದಳು. ಅಮ್ಮಾವ್ರು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಹಾಕಿ, ಹ್ಯಾಂಡಲ್ ಹಿಡಿದರು. ಐವತ್ತೆಂಟು ವರ್ಷದ ಹೆಂಗಸು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಸ್ಕೂಟರು ಅವರ ಮಾತು ಮೀರಿ, ಅಷ್ಟು ದೊಡ್ಡ ಮೈದಾನ ಬಿಟ್ಟು, ನಾನಿದ್ದ ಮರವನ್ನೇ ಹುಡುಕಿಕೊಂಡು ಬಂತು. ಕಿರುಚಿಕೊಂಡು ಪಕ್ಕಕ್ಕೆ ಹಾರಿದೆ.

ಅಮ್ಮಾವ್ರು ನಿಧಾನವಾಗಿ ಇಳಿದು, ಹೆಲ್ಮೆಟ್ ಗಾಜು ಮೇಲೆತ್ತಿ ನೋಡಿದರು. "ಅವರು ಕಳಿಸಿದ್ರಾ?"

"ಹೂಂ ಅಮ್ಮಾ."

"ಒಳ್ಳೇದಾಯ್ತು. ಈ ಹುಡುಗಿಗೆ ಕೆಲಸಕ್ಕೆ ಹೊತ್ತಾಗುತ್ತೆ. ಬಾ, ಹಿಂದೆ ಹಿಡ್ಕೋ."

ಹತ್ತು ದಿನ ನಾನು ಬೆಳಿಗ್ಗೆ ಸ್ಕೂಟರಿನ ಹಿಂದೆ ಓಡಿದೆ, ಎರಡು ಸಲ ಅದರ ಜೊತೆಯಲ್ಲೇ ಬಿದ್ದೆ. ಅಂಗಡಿಗೆ ಬಂದು, "ಏನಿಲ್ಲ ಸಾರ್, ಬರೀ ವಾಕಿಂಗು" ಅಂತ ವರದಿ ಒಪ್ಪಿಸಿದೆ. ಹನ್ನೊಂದನೇ ದಿನ ಮಧ್ಯಾಹ್ನ ಅಂಗಡಿ ಮುಂದೆ ಸ್ಕೂಟರು ನಿಂತಿತು. ಅಮ್ಮಾವ್ರು ಊಟದ ಕ್ಯಾರಿಯರ್ ಹಿಡಿದು ಇಳಿದರು. ಸುಬೇದಾರ್ರು ಕೂತಿದ್ದ ಕುರ್ಚಿ ಹಿಂದಕ್ಕೆ ಬಿತ್ತು.

"ನನಗ್ಯಾಕೆ ಹೇಳ್ಲಿಲ್ಲ ನೀನು? ಮಿಲಿಟರೀಲಿ ನೂರಾರು ಜನಕ್ಕೆ ಲಾರಿ ಓಡ್ಸೋದು ಕಲ್ಸಿದೋನು ನಾನು!"

"ಅದಕ್ಕೇ ಹೇಳ್ಲಿಲ್ಲ ಕಣ್ರೀ" ಅಂದರು ಅಮ್ಮಾವ್ರು. "ಕಲಿಸ್ತೀನಿ ಅಂತ ಬಂದ್ಬಿಡ್ತಿದ್ರಿ."

ಸುಬೇದಾರ್ರು ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಲೇ, ನಿನ್ನ ಮೊಣಕೈಗೆ ಏನಾಗಿದೆ?"

೬. ಹುಷಾರಾಗಿರಿ

ಹದಿನಾಲ್ಕು ವರ್ಷ ತುಂಬಿದ ಮೇಲೆ ಒಂದು ಬೆಳಿಗ್ಗೆ ಸುಬೇದಾರ್ರು ಇದ್ದಕ್ಕಿದ್ದಂತೆ, "ಈ ತಿಂಗಳಾದ ಮೇಲೆ ನೀನು ಬರಬೇಡ" ಅಂದರು.

ನಾನು ಏನು ತಪ್ಪು ಮಾಡಿದೆ? ಯಾರು ಚಾಡಿ ಹೇಳಿದರು? ಮನೆಯಲ್ಲಿ ಹೆಂಡತಿ ನನ್ನ ಮೇಲೇ ಅನುಮಾನಪಟ್ಟಳು, "ನೀವೇ ಏನೋ ಅಂದಿರ್ಬೇಕು, ನೆನಪು ಮಾಡ್ಕೊಳ್ಳಿ" ಅಂತ. ನೆನಪು ಮಾಡಿಕೊಂಡು ಮಾಡಿಕೊಂಡು, ಮಾಡದೇ ಇದ್ದ ನಾಲ್ಕು ತಪ್ಪುಗಳನ್ನು ನಾನೇ ಒಪ್ಪಿಕೊಂಡುಬಿಟ್ಟಿದ್ದೆ. ಮೂರನೇ ದಿನ ಸುಬೇದಾರ್ರು ನನ್ನನ್ನು ದೊಡ್ಡಬೆಳವಂಗಲಕ್ಕೆ ಕರೆದುಕೊಂಡು ಹೋಗಿ, ರಸ್ತೆ ಪಕ್ಕದ ಒಂದು ಮಳಿಗೆಯ ಶಟರ್ ಎತ್ತಿದರು. ಒಳಗೆ ಮೇಜು, ತಂತಿ ಸುತ್ತುವ ಮಿಷನ್ನು, ಗೋಡೆಗೆ ಸಾಲಾಗಿ ಸ್ಪ್ಯಾನರುಗಳು.

"ಇನ್ನೊಬ್ಬರ ಕೈಕೆಳಗೆ ಇನ್ನೂ ಎಷ್ಟು ದಿನ ಇರ್ತೀಯ? ಬರೋ ತಿಂಗಳಿಂದ ನೀನೇ ಓನರ್ರು" ಅಂದರು. ನಾನು ಕಾಲಿಗೆ ಬೀಳಲು ಬಗ್ಗಿದೆ. "ಏಳು ಏಳು, ಬಗ್ಗಿದಾಗ ಜೇಬಲ್ಲಿರೋದೆಲ್ಲ ಬೀಳುತ್ತೆ" ಅಂದರು.

ಅಂಗಡಿ ಪೂಜೆಯ ದಿನ ಸುತ್ತಲ ಊರಿನ ರೈತರೆಲ್ಲ ಬಂದಿದ್ದರು. ಸುಬೇದಾರ್ರು ಟೇಪು ಕತ್ತರಿಸಿ, ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಒಂದೇ ಮಾತು: "ಇವನ ಹತ್ರ ಹುಷಾರಾಗಿರಿ. ಎದುರಿಗೇ ನಿಂತು ಕೆಲಸ ಮಾಡಿಸ್ಕೊಳ್ಳಿ. ಹಳೇ ತಂತಿ ಕೇಳಿ ಈಸ್ಕೊಳ್ಳಿ. ಹೇಳಿದ್ದನ್ನೆಲ್ಲ ನಂಬಬೇಡಿ."

ರೈತರು ತಲೆಯಾಡಿಸಿ, ಪ್ರಸಾದ ತಿಂದು, ಎದ್ದು ಹೋದರು. ಒಬ್ಬರೂ ಒಂದು ಕೆಲಸ ಹೇಳಲಿಲ್ಲ. ಅವರು ಹೋದ ಮೇಲೆ ನಾನು ಖಾಲಿ ಅಂಗಡಿಯಲ್ಲಿ ಕೂತು ಅತ್ತೆ. ಕೈಹಿಡಿದು ತಂದು ಕೂರಿಸಿದವರೇ ಅನ್ನಕ್ಕೆ ಮಣ್ಣು ಹಾಕಿದರಲ್ಲ ಅಂತ.

ಮಾರನೇ ದಿನ ಬೆಳಿಗ್ಗೆ ಶಟರ್ ತೆಗೆಯೋಕೆ ಬಂದರೆ ಬಾಗಿಲಲ್ಲಿ ಮೂರು ಟ್ರಾಕ್ಟರು, ಆರು ಸುಟ್ಟ ಮೋಟ್ರು. ಗಾಬರಿಯಾಗಿ ಮೊದಲನೆಯ ರೈತನನ್ನು ಕೇಳಿದೆ, "ಗೌಡ್ರೇ, ಸುಬೇದಾರ್ರು ನಿನ್ನೆ ಅಷ್ಟೆಲ್ಲ ಹೇಳಿದ್ರೂ ಬಂದಿದೀರಲ್ಲ?"

"ಅವರು ಹೊಗಳಿದ್ರೆ ಬರ್ತಿರ್ಲಿಲ್ಲ ಕಣಪ್ಪಾ" ಅಂದರು ಗೌಡರು. "ಸುಬೇದಾರ್ರು ಯಾರನ್ನಾದ್ರೂ ಹೊಗಳಿದ್ರೆ ಅಲ್ಲೇನೋ ಮೋಸ ಇರುತ್ತೆ."

೭. ಶ್ರದ್ಧಾಂಜಲಿ

ತೀರಿಕೊಳ್ಳುವುದಕ್ಕೆ ಒಂದು ವರ್ಷ ಮುಂಚೆ ಸುಬೇದಾರ್ರು ಒಂದು ಸಲ ಸತ್ತಿದ್ದರು.

ಬೇರೆ ಊರಿನಲ್ಲಿ ಇನ್ನೊಬ್ಬ ನಿವೃತ್ತ ಸುಬೇದಾರ್ರು ತೀರಿಕೊಂಡಿದ್ದರು. ಹೆಸರು ಒಂದೇ. ಯಾರೋ ಅವಸರದಲ್ಲಿ ವಾಟ್ಸಾಪಿಗೆ ಹಾಕುವಾಗ ನಮ್ಮ ಸುಬೇದಾರ್ರ ಫೋಟೋ ಹಾಕಿ, ಸುತ್ತ ಹೂವಿನ ಚೌಕಟ್ಟು ಬಿಡಿಸಿ, 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ಬರೆದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ನನಗೆ ಫೋನು ಬಂತು.

"ಲೇ, ನಾನು ಸತ್ತಿದೀನಂತೆ. ಬೇಗ ಅಂಗಡಿಗೆ ಬಾ."

ನನ್ನ ಅಂಗಡಿ ಬಿಟ್ಟು ದೊಡ್ಡಬಳ್ಳಾಪುರಕ್ಕೆ ಓಡಿದೆ. ಅವರ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಸುಬೇದಾರ್ರು ಹಬ್ಬದ ಕಳೆಯಲ್ಲಿದ್ದರು. "ತಪ್ಪು ಸುದ್ದಿ ಅಂತ ಎಲ್ಲರಿಗೂ ಹೇಳಿಬಿಡ್ತೀನಿ ಸಾರ್" ಅಂದೆ.

"ಬಾಯಿ ಮುಚ್ಚು. ಯಾರ್ಯಾರು ಏನೇನಂತಾರೆ ಕೇಳೋಣ. ಇಂಥ ಅವಕಾಶ ಎಲ್ಲರಿಗೂ ಸಿಗಲ್ಲ."

ಅಮ್ಮಾವ್ರು ಮಗಳ ಮನೆಗೆ ಹೋಗಿದ್ದರು. ಅವರು ಹೆದರಬಾರದು ಅಂತ ಮೊದಲೇ ಫೋನು ಮಾಡಿ, "ನಾನು ಸತ್ತಿಲ್ಲ ಕಣೇ" ಅಂದಿದ್ದರಂತೆ. "ಸತ್ತಿದ್ರೆ ಯಾರ ಮೇಲಾದ್ರೂ ಅನುಮಾನ ಇದೆ ಅಂತ ಹೇಳೋಕಾದ್ರೂ ಫೋನ್ ಮಾಡ್ತಿದ್ರಿ, ಗೊತ್ತು ಬಿಡಿ" ಅಂದರಂತೆ ಅಮ್ಮಾವ್ರು.

ಮೋಟ್ರು ಡಬ್ಬಗಳನ್ನು ಎದೆಯೆತ್ತರ ಜೋಡಿಸಿ ಸುಬೇದಾರ್ರು ಹಿಂದೆ ಕೂತರು. ನಾನು ಮುಂದೆ ಮುಖ ಸಪ್ಪಗೆ ಮಾಡಿಕೊಂಡು ನಿಂತೆ. ಟೀ ಅಂಗಡಿಯವರು ಬಂದು ಹೋ ಅಂತ ಅತ್ತರು. ದರ್ಜಿ ಬಂದು, ತನ್ನ ಮಗನನ್ನು ಬೈದು ಬೈದು ಮಿಲಿಟರಿಗೆ ಸೇರಿಸಿದ ಪುಣ್ಯಾತ್ಮ ಅಂದ. ಡಬ್ಬಗಳ ಹಿಂದೆ ಮೂಗು ಸೊರ್ ಅಂದ ಸದ್ದು ಕೇಳಿಸಿತು. ನಾನು ಕೆಮ್ಮಿದೆ.

ಆಮೇಲೆ ಬಂದದ್ದು ಎದುರು ರಸ್ತೆಯ ಮೋಟ್ರು ಅಂಗಡಿಯವನು. ಇಪ್ಪತ್ತು ವರ್ಷದಿಂದ ಸುಬೇದಾರ್ರಿಗೆ ಪೈಪೋಟಿ ಕೊಟ್ಟವನು. ಕಣ್ಣು ಒರೆಸಿಕೊಂಡು, "ಒಳ್ಳೇ ಮನುಷ್ಯ. ನಾಲಿಗೆ ಮಾತ್ರ ಹಾಗಲಕಾಯಿ" ಅಂದ. ಡಬ್ಬ ಅಲ್ಲಾಡಿತು. ನಾನು ಕೈ ಅಡ್ಡ ಇಟ್ಟೆ. ಆತ ನಿಟ್ಟುಸಿರು ಬಿಟ್ಟು ಮುಂದುವರಿಸಿದ, "ನಿಜ ಹೇಳ್ಬೇಕು ಅಂದ್ರೆ, ತಂತಿ ಸುತ್ತೋ ಕೆಲಸ ಅವರಿಗೆ ನನ್ನಷ್ಟು ಬರ್ತಿರ್ಲಿಲ್ಲ."

"ಯಾರೋ ಅದು ಬರ್ತಿರ್ಲಿಲ್ಲ ಅಂದೋನು!" ಅಂತ ಡಬ್ಬಗಳ ಮೇಲಿಂದ ಸುಬೇದಾರ್ರ ತಲೆ ಎದ್ದಿತು. "ನೀನು ಸುತ್ತಿದ ಮೋಟ್ರುಗಳನ್ನ ಬಿಚ್ಚಿ ಬಿಚ್ಚಿ ನನ್ನ ಕೈ ಸವೆದಿದೆ ಕಣೋ!"

ಆತ "ಅಯ್ಯಯ್ಯಪ್ಪಾ" ಅಂತ ಪೈಪಿನ ರಾಶಿಯ ಮೇಲೆ ಬಿದ್ದು, ಎದ್ದು, ಒಂದೇ ಚಪ್ಪಲಿಯಲ್ಲಿ ರಸ್ತೆ ದಾಟಿದ. ಮೂರು ದಿನ ಜ್ವರ ಬಂದು ಮಲಗಿದ್ದನಂತೆ. ಸುಬೇದಾರ್ರೇ ಹಣ್ಣು ತೆಗೆದುಕೊಂಡು ಹೋಗಿ ನೋಡಿಕೊಂಡು ಬಂದರು. ಜ್ವರ ನಿಜವೋ ಸುಳ್ಳೋ ಅಂತ ಹಣೆ ಮುಟ್ಟಿ ನೋಡಿದರಂತೆ.

ಮರುವರ್ಷ ಅವರು ನಿಜವಾಗಿಯೂ ಹೋದರು. ಬೆಳಿಗ್ಗೆ ತಿಂಡಿ ತಿಂದು, ಪೇಪರು ಓದುತ್ತ ಕೂತವರು ಹಾಗೇ ಕಣ್ಣು ಮುಚ್ಚಿದರು. ಅಮ್ಮಾವ್ರು ಫೋನು ಮಾಡಿ, "ಬಾಪ್ಪಾ" ಅಂದದ್ದು ಅಷ್ಟೇ. ಆ ದನಿ ಕೇಳಿಯೇ ನನಗೆ ಗೊತ್ತಾಯಿತು.

ಎಲ್ಲರಿಗೂ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬರೂ ನಂಬಲಿಲ್ಲ. ಟೀ ಅಂಗಡಿಯವರು, "ಹೋದ ಸಲ ಅತ್ತಿದ್ದೇ ಸಾಕು" ಅಂದರು. ಪೈಪು ಸಪ್ಲೈ ಮಾಡುವವರು, "ಪಕ್ಕದಲ್ಲೇ ಕೂತಿದಾರಾ? ಸ್ಪೀಕರ್ ಹಾಕಿದೀಯಾ?" ಅಂತ ಕೇಳಿ, ಆಮೇಲೆ ಜೋರಾಗಿ, "ದೇವರಂಥ ಮನುಷ್ಯರು!" ಅಂದರು. ಮತ್ತೆ ದನಿ ತಗ್ಗಿಸಿ, "ಈಗ ಹೇಳು, ನಿಜಾನಾ?"

ಹೇಗೋ ಹನ್ನೊಂದರ ಹೊತ್ತಿಗೆ ಮನೆ ಮುಂದೆ ಇನ್ನೂರು ಜನ ಸೇರಿದರು. ಸೇರಿದರೇ ಹೊರತು ಒಬ್ಬರೂ ಅಳಲಿಲ್ಲ. ನೀನು ಮುಂದೆ ಹೋಗು, ನೀನು ಮುಂದೆ ಹೋಗು ಅಂತ ಒಬ್ಬರನ್ನೊಬ್ಬರು ತಳ್ಳಿಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬಂದವರು ಸುಬೇದಾರ್ರ ಕಿವಿಯ ಕಡೆಯೇ ನಿಂತು, ಅವರಿಗೆ ಕೇಳಿಸುವಷ್ಟು ಜೋರಾಗಿ ಅವರ ಒಳ್ಳೆಯ ಗುಣಗಳನ್ನು ಹೇಳಿ ಹೋದರು. ಅಮ್ಮಾವ್ರೂ, ಮಗಳೂ ಅಳುತ್ತಿದ್ದುದನ್ನು ನೋಡಿ ಮಾತ್ರ ಕೆಲವರ ಮುಖ ಬದಲಾಯಿತು. ಆಮೇಲೆ ಸುಬೇದಾರ್ರ ಜೊತೆ ಮಿಲಿಟರಿಯಲ್ಲಿದ್ದ ಮೂವರು ಮುದುಕರು ಬಂದು, ಎದೆಗೆ ಪದಕ ಸಿಕ್ಕಿಸಿಕೊಂಡು, ಸೆಲ್ಯೂಟ್ ಹೊಡೆದು, ಕೈ ಇಳಿಸದೆ ನಿಂತರು. ಆಗ ಜನ ಒಬ್ಬೊಬ್ಬರಾಗಿ ಕಣ್ಣು ಒರೆಸಿಕೊಳ್ಳತೊಡಗಿದರು. ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ.

ಅಷ್ಟರಲ್ಲಿ ಎದುರು ಅಂಗಡಿಯವನು ಬಂದ. ಕಣ್ಣು ಕೆಂಪಗಿತ್ತು. ಒಂದು ಕೈಯಲ್ಲಿ ದೊಡ್ಡ ಹೂವಿನ ಹಾರ, ಇನ್ನೊಂದು ಕೈಯಲ್ಲಿ ಕವರಿನಲ್ಲಿಟ್ಟ ಜರಿ ಶಾಲು. ಬಾಗಿಲಿನಿಂದ ಒಳಗೆ ಒಂದೇ ಕಾಲಿಟ್ಟು, ಕತ್ತು ಚಾಚಿ ನೋಡಿ ಪಿಸುಗುಟ್ಟಿದ, "ಡಾಕ್ಟ್ರು ನೋಡಿದ್ರಾ?"

"ನೋಡಿದ್ರು ಅಣ್ಣಾ."

"ಇನ್ನೊಬ್ಬ ಡಾಕ್ಟ್ರನ್ನೂ ಕರೆಸಬಹುದಿತ್ತು."

"ಅಣ್ಣಾ, ಈ ಶಾಲು ಯಾಕೆ?" ಅಂದೆ.

"ಮಲಗಿದ್ರೆ ಹಾರ" ಅಂದ ಆತ, ಸುಬೇದಾರ್ರ ಮೇಲಿಂದ ಕಣ್ಣು ತೆಗೆಯದೆ. "ಎದ್ದು ಕೂತ್ಕೊಂಡ್ರೆ ಸನ್ಮಾನಕ್ಕೆ ಬಂದೆ ಅಂತ ಶಾಲು ಹೊದಿಸ್ತೀನಿ. ನನಗ್ಯಾಕಪ್ಪಾ?"

ಅಮ್ಮಾವ್ರಿಗೆ ಇದು ಕೇಳಿಸಿತು. ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಭುಜ ಕುಲುಕುತ್ತಿದ್ದುದು ನೋಡಿದರೆ ನಗುತ್ತಿದ್ದರು. ಅವರನ್ನು ನೋಡಿ ಮಗಳು, ಮಗಳನ್ನು ನೋಡಿ ನಾನು, ನನ್ನನ್ನು ನೋಡಿ ಆ ಮೂವರು ಮುದುಕರು. ಕೊನೆಗೆ ಅಂಗಳದಲ್ಲಿದ್ದವರೆಲ್ಲ ಅಳುತ್ತಲೇ ನಕ್ಕರು.

ಆತ ಮಾತ್ರ ನಗಲಿಲ್ಲ. ಸುಬೇದಾರ್ರನ್ನು ಎತ್ತುವ ಹೊತ್ತಿನವರೆಗೂ ಹಾರ, ಶಾಲು ಎರಡನ್ನೂ ಕೈಯಲ್ಲೇ ಹಿಡಿದು ಕಾದ. ಕಟ್ಟಕಡೆಗೆ ಹತ್ತಿರ ಬಂದು, ಹಾರ ಹಾಕಿ, ಪಾದ ಮುಟ್ಟಿ, ತುಂಬಾ ಹೊತ್ತು ತಲೆ ಬಗ್ಗಿಸಿ ನಿಂತ. ಆಮೇಲೆ ಶಾಲನ್ನು ಜೋಪಾನವಾಗಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳಿದ:

"ಇದು ನನ್ನ ಹತ್ರಾನೇ ಇರ್ಲಿ. ಹನ್ನೊಂದನೇ ದಿನದವರೆಗೂ ನೋಡೋಣ."